ಅಮೆರಿಕದ ಫಾಸ್ಟ್ ಟ್ರ್ಯಾಕ್ ಫ್ಲೈಯಿಂಗ್ ಸ್ಕೂಲಿಗೆ ರೊಕ್ಕ ಕಟ್ಟುವ ಮುಂಚೆ

ಗೋಕಾಕ, ಮುಧೋಳ, ಇಂಡಿ ಕಡೆಯಿಂದ ಪೈಲಟ್ ಆಗಲು ಅಮೆರಿಕಕ್ಕೆ ಬರುವ ಹುಡುಗ–ಹುಡುಗಿಯರ ಮೊದಲ ಪ್ರಶ್ನೆ ಒಂದೇ: "ಎಷ್ಟು ದಿನದಾಗ ಮುಗೀತದ?" ಸಾಂಬ್ರಾದಲ್ಲೇ ಹಾರಾಟ ಕಲಿಸುತ್ತಾರೆ ನಿಜ, ಆದರೆ ಬೆಳಗಾವಿಯ ಮಳೆಗಾಲ ಗೊತ್ತಿದ್ದವರು ಅಲ್ಲಿ ಎಷ್ಟು ದಿನ ವಿಮಾನ ಮೇಲೇಳದೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿಯೇ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಾರೆ. ಫೀಸಿನ ರೊಕ್ಕದಲ್ಲಿ ಕಬ್ಬಿನ ಬಿಲ್ಲಿನ ಜೊತೆಗೆ ಹೊಲದ ಮೇಲಿನ ಸಾಲವೂ ಸೇರಿರುತ್ತದೆ. ಹೀಗಿರುವಾಗ 'ಹತ್ತು ದಿನದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್' (ಹೊರಗೆ ಏನೂ ಕಾಣದಿದ್ದರೂ ಮೀಟರ್ ನೋಡಿಯೇ ಹಾರಿಸುವ ಅರ್ಹತೆ) ಎಂಬ ಜಾಹೀರಾತು ಕಂಡರೆ ಕಣ್ಣು ಅಲ್ಲೇ ನಿಲ್ಲುವುದು ಸಹಜ.

ಮೆಡಿಕಲ್, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಕಂಪ್ಯೂಟರ್ ನಂಬರ್, ಪಿಯುಸಿ ಫಿಸಿಕ್ಸ್–ಮ್ಯಾಥ್ಸ್ ಎಲ್ಲರಿಗೂ ಗೊತ್ತಿರುವ ಸಂಗತಿ, ಅದನ್ನು ಬಿಡೋಣ. ಸಂಬಳವಿಲ್ಲದೆ ಹಾರಿಸಲು ಬಿಡುವ ಪ್ರೈವೇಟ್ ಸರ್ಟಿಫಿಕೇಟ್ ಆದ ಮೇಲಿನ ಇನ್‌ಸ್ಟ್ರುಮೆಂಟ್, ಕಮರ್ಷಿಯಲ್ (ಸಂಬಳಕ್ಕೆ ಹಾರಿಸುವ ಲೈಸೆನ್ಸ್), ಮಲ್ಟಿ ಎಂಜಿನ್ ಹಂತಗಳಲ್ಲೇ ನಮ್ಮವರು ಎಡವುವುದು.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮದ ಎರಡು ಅಧ್ಯಾಯಗಳ ಹೆಸರಿನಲ್ಲಿ ಇಲ್ಲಿ ಎರಡು ಬಗೆಯ ಶಾಲೆಗಳಿವೆ. ಪಾರ್ಟ್ 61 ಶಾಲೆಯಲ್ಲಿ ನಿಯಮ ಸಡಿಲ. ಕಮರ್ಷಿಯಲ್‌ಗೆ ಒಟ್ಟು 250 ಗಂಟೆ ಬೇಕು. ಪಾರ್ಟ್ 141ರಲ್ಲಿ ಎಫ್‌ಎಎ ಒಪ್ಪಿದ ಪಠ್ಯಕ್ರಮವಿರುತ್ತದೆ, 190 ಗಂಟೆಗೇ ಕಮರ್ಷಿಯಲ್ ಸಿಗುತ್ತದೆ. ಹತ್ತು ದಿನದ ಕೋರ್ಸ್ ಮಾರುವವರಲ್ಲಿ ಹೆಚ್ಚಿನವರು ಪಾರ್ಟ್ 61ರವರು. ಅವರು ಎಂ-1 (ವೃತ್ತಿ ತರಬೇತಿಯ ವಿದ್ಯಾರ್ಥಿ) ವೀಸಾಕ್ಕೆ ಬೇಕಾದ ಪ್ರವೇಶ ಪತ್ರ ಐ-20 ಕೊಡಲಾರರು. ಟೂರಿಸ್ಟ್ ವೀಸಾದಲ್ಲಿ ಬಂದು ಪೂರ್ಣಾವಧಿ ಕೋರ್ಸ್ ಮುಗಿಸಿಕೊಂಡು ಹೋಗಿ ಎನ್ನುವ ಏಜೆಂಟನ ಮಾತಿಗೆ ಕಿವಿಗೊಡಬೇಡಿ. ಇನ್‌ಸ್ಟ್ರುಮೆಂಟ್, ಮಲ್ಟಿ ಎಂಜಿನ್ ತರಬೇತಿಗೆ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಕೊಡುವ ಭದ್ರತಾ ಅನುಮತಿಯೂ ಬೇಕು. ಅದು ಕೈಗೆ ಬರುವ ಮುಂಚೆ ಆ ಪಾಠ ಶುರುಮಾಡುವಂತಿಲ್ಲ.

ಈಗ ರೊಕ್ಕ ನುಂಗುವ ಜಾಗಕ್ಕೆ ಬರೋಣ: ಲಾಗ್‌ಬುಕ್ಕಿನ ಪಿಐಸಿ (ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಕಮಾಂಡರ್) ಕಾಲಮ್.

ಪ್ರೈವೇಟ್ ಸರ್ಟಿಫಿಕೇಟ್ ಇದ್ದು, ಆ ವರ್ಗದ ವಿಮಾನದ ರೇಟಿಂಗ್ ಇದ್ದು, ಕಂಟ್ರೋಲ್ ನಿಮ್ಮ ಕೈಯಲ್ಲೇ ಇದ್ದರೆ ಸಾಕು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿದ್ದರೂ ಅಮೆರಿಕದಲ್ಲಿ ಆ ಹೊತ್ತನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಸೆಸ್ನಾ 172ರಲ್ಲಿ ಒಂದು ಇನ್‌ಸ್ಟ್ರುಮೆಂಟ್ ಪಾಠ ಮುಗಿಸಿ ಬಂದವರ ಪುಸ್ತಕದ ಸಾಲು ನೋಡಿ: ಒಟ್ಟು 1.6 ಗಂಟೆ, ಡ್ಯುಯಲ್ (ಗುರುವಿನ ಜೊತೆಗಿನದು) 1.6, ಪಿಐಸಿ 1.6. ಎಫ್‌ಎಎ ಪ್ರಕಾರ ಇದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಡಿಜಿಸಿಎ ಮುಂದೆ ಅದೇ ಸಾಲು ಬರೀ ಡ್ಯುಯಲ್ ಆಗುತ್ತದೆ, ಪಿಐಸಿ ಸೊನ್ನೆ.

ಎರಡನೆಯದು ಸೇಫ್ಟಿ ಪೈಲಟ್. ಒಬ್ಬ ಕಣ್ಣಿಗೆ ಹುಡ್ (ಹೊರಗೆ ಕಾಣದಂತೆ ಮಾಡುವ ಮರೆ) ಹಾಕಿಕೊಂಡು ಮೀಟರ್ ನೋಡಿ ಹಾರಿಸುತ್ತಾನೆ, ಇನ್ನೊಬ್ಬ ಹೊರಗೆ ನೋಡುತ್ತಾನೆ. ಇಳಿದ ಮೇಲೆ ಆ ಒಂದೇ ಗಂಟೆ ಇಬ್ಬರ ಪುಸ್ತಕದಲ್ಲೂ ಪಿಐಸಿ ಆಗಿ ಏರುತ್ತದೆ. ಫಾಸ್ಟ್ ಟ್ರ್ಯಾಕ್ ಪ್ಯಾಕೇಜುಗಳು ಅಗ್ಗವಾಗಿ ಕಾಣುವುದಕ್ಕೆ ಈ ಜೋಡಿ ಹಾರಾಟವೂ ಒಂದು ಕಾರಣ. ಊರಿಗೆ ಬಂದಾಗ ಡಿಜಿಸಿಎಯವರು ಇದನ್ನೂ ಹೊಡೆದುಹಾಕುತ್ತಾರೆ.

ಭಾರತದ ಕಮರ್ಷಿಯಲ್ ಲೈಸೆನ್ಸ್ ಸಿಪಿಎಲ್‌ಗೆ ಬೇಕಾದದ್ದು ಒಟ್ಟು 200 ಗಂಟೆ, ಅದರಲ್ಲಿ 100 ಪಿಐಸಿ. ಆ ನೂರರಲ್ಲಿ 15 ಗಂಟೆ ಅರ್ಜಿಗೆ ಮುಂಚಿನ ಆರು ತಿಂಗಳೊಳಗಿನದು. 20 ಗಂಟೆ ಪಿಐಸಿ ಕ್ರಾಸ್ ಕಂಟ್ರಿ (ಒಂದು ಊರಿಂದ ಇನ್ನೊಂದಕ್ಕೆ ಹಾರಾಟ) ಇರಬೇಕು, ಅದರೊಳಗೆ ಎರಡು ಬೇರೆ ಬೇರೆ ಏರೋಡ್ರೋಮಿನಲ್ಲಿ ಇಳಿದು ನಿಂತ 300 ನಾಟಿಕಲ್ ಮೈಲಿನ ಒಂದು ಹಾರಾಟ ಸೇರಿರಬೇಕು. ರಾತ್ರಿ ಹಾರಾಟ 5 ಗಂಟೆ, ಪಿಐಸಿ ಆಗಿ ಹತ್ತು ಟೇಕಾಫ್, ಹತ್ತು ಲ್ಯಾಂಡಿಂಗ್. 190 ಗಂಟೆಗೆ 'ಕೋರ್ಸ್ ಮುಗೀತು' ಎನ್ನುವ 141 ಶಾಲೆ ಇಲ್ಲೇ 10 ಗಂಟೆ ಸಾಲ ಉಳಿಸಿ ಕಳಿಸುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗೂ ಹಾಗೇ. 141ರಲ್ಲಿ 35 ಗಂಟೆಯ ತರಬೇತಿಗೆ ಮುಗಿಯುತ್ತದೆ. ಡಿಜಿಸಿಎ ಕೇಳುವುದು 40 ಗಂಟೆ ಇನ್‌ಸ್ಟ್ರುಮೆಂಟ್ ಟೈಮು, ಜೊತೆಗೆ 50 ಗಂಟೆ ಪಿಐಸಿ ಕ್ರಾಸ್ ಕಂಟ್ರಿ.

ಲೆಕ್ಕ ಹಾಕಿ. ಪುಸ್ತಕದಲ್ಲಿ ಪಿಐಸಿ 115 ಇದೆ ಅನ್ನಿ. ಇನ್‌ಸ್ಟ್ರಕ್ಟರ್ ಜೊತೆಗಿನ 38 ಹೋಯಿತು, ಸೇಫ್ಟಿ ಪೈಲಟ್ ಆಗಿ ಬರೆದ 20 ಹೋಯಿತು, ಉಳಿದದ್ದು 57. ಕೊರತೆ 43 ಗಂಟೆ. ಗಂಟೆಗೆ 170 ಡಾಲರ್ ಹಿಡಿದರೂ 7,310 ಡಾಲರ್. ಇದು ಊರಿಗೆ ಮರಳಿದ ಮೇಲೆ ಗೊತ್ತಾದರೆ ಆ ಗಂಟೆಗಳನ್ನು ತುಂಬಿಸಿಕೊಳ್ಳಲು ಅಲ್ಲಿ ಮತ್ತೊಂದು ಶಾಲೆಯ ಬಾಗಿಲು ತಟ್ಟಬೇಕು.

ಕಲಿಸುವ ವೇಗ, ಹವಾಮಾನ, ವಿಮಾನದ ಲಭ್ಯತೆಯಲ್ಲಿ ಅಮೆರಿಕಕ್ಕೆ ಸಾಟಿಯಿಲ್ಲ. ಆದರೆ ಪಿಐಸಿ ವಿಷಯದಲ್ಲಿ ನಮ್ಮ ಡಿಜಿಸಿಎ ನಿಯಮವೇ ನೆಟ್ಟಗಿದೆ: ಪಕ್ಕದಲ್ಲಿ ಗುರು ಕೂತಿರುವ ಗಂಟೆಗೆ ಶಿಷ್ಯ ಕಮಾಂಡರ್ ಹೇಗಾದಾನು?

ಪರಿಹಾರ ಸರಳ. ಲಾಗ್‌ಬುಕ್ಕಿನ ಖಾಲಿ ಕಾಲಮ್ಮಿಗೆ ಮೊದಲ ದಿನವೇ 'ಡಿಜಿಸಿಎ ಪಿಐಸಿ' ಎಂದು ಹೆಸರು ಬರೆದು, ಇನ್‌ಸ್ಟ್ರಕ್ಟರ್ ಆಗಲಿ ಸೇಫ್ಟಿ ಪೈಲಟ್ ಆಗಲಿ ಇಲ್ಲದ ಹಾರಾಟವನ್ನಷ್ಟೇ ಅದರಲ್ಲಿ ತುಂಬಿ. 300 ಮೈಲಿನ ಹಾರಾಟ, ರಾತ್ರಿಯ ಹತ್ತು ಲ್ಯಾಂಡಿಂಗ್ ಎರಡನ್ನೂ ಇಲ್ಲಿ ಇನ್‌ಸ್ಟ್ರಕ್ಟರನ್ನು ಕೂರಿಸಿಕೊಂಡೂ ಮಾಡಬಹುದು. ನೀವು ಮಾತ್ರ ಒಬ್ಬರೇ ಹಾರಿ. ಇನ್ನೊಂದು ಸಣ್ಣದು: ಇಲ್ಲಿ ಗಂಟೆಯನ್ನು ದಶಾಂಶದಲ್ಲಿ ಬರೆಯುತ್ತಾರೆ. 1.3 ಎಂದರೆ 1 ಗಂಟೆ 18 ನಿಮಿಷ. ಅದನ್ನು 1:30 ಎಂದು ನಕಲು ಮಾಡಿ ಮೊತ್ತ ತಪ್ಪಿಸಿಕೊಂಡವರಿದ್ದಾರೆ.

'ಬೇಗ ಮುಗಿಸಿ ಇಲ್ಲೇ ಇನ್‌ಸ್ಟ್ರಕ್ಟರ್ ಆಗಿ ದುಡೀತೀನಿ' ಎನ್ನುವವರು ಇದನ್ನು ಗಮನಿಸಿ. ಎಂ-1ರಲ್ಲಿ ನಾಲ್ಕು ತಿಂಗಳ ಪೂರ್ಣಾವಧಿ ಓದಿಗೆ ಒಂದು ತಿಂಗಳ ಪ್ರಾಕ್ಟಿಕಲ್ ಟ್ರೇನಿಂಗ್, ಗರಿಷ್ಠ ಆರು ತಿಂಗಳು. ಕೋರ್ಸ್ ಎಷ್ಟು ಬೇಗ ಮುಗಿಯುತ್ತದೋ ಕೆಲಸದ ಅವಧಿ ಅಷ್ಟೇ ಕಿರಿದಾಗುತ್ತದೆ. ಮೊದಲ ಆರು ತಿಂಗಳು ದಾಟಿದರೆ ಸಾಮಾನ್ಯವಾಗಿ ಶಾಲೆ ಬದಲಿಸುವಂತಿಲ್ಲ. ಎಂ-1ರಿಂದ ಕಾಲೇಜು ಓದಿನ ವೀಸಾ ಎಫ್-1ಕ್ಕೆ ಬದಲಾಗುವ ದಾರಿಯೂ ಇಲ್ಲ.

ಇನ್ನು ಪರೀಕ್ಷೆ. ಚೆಕ್‌ರೈಡ್ ಮಾಡುವುದು ಸಾಮಾನ್ಯವಾಗಿ ಎಫ್‌ಎಎ ನೇಮಿಸಿದ ಪರೀಕ್ಷಕರು. ಅವರ ಕೊರತೆ ಇರುವುದರಿಂದ ವಾರಗಟ್ಟಲೆ ಕಾಯುವುದು ಮಾಮೂಲು. ಹತ್ತು ದಿನದ ಕೋರ್ಸಿಗೆ ಹನ್ನೊಂದನೆಯ ದಿನವೇ ಪರೀಕ್ಷಕರು ಸಿಗುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅವರ ಶುಲ್ಕ ಸಾವಿರ ಡಾಲರ್ ಆಸುಪಾಸು, ಬಹಳಷ್ಟು ಕೊಟೇಶನ್ನಿನಲ್ಲಿ ಅದು ಸೇರಿರುವುದಿಲ್ಲ. ಒಂದು ಭಾಗದಲ್ಲಿ ಫೇಲಾದರೆ ಪಾಸಾದ ಭಾಗ 60 ದಿನ ಮಾತ್ರ ಊರ್ಜಿತ. ಸ್ವಂತ ಪರೀಕ್ಷಾಧಿಕಾರವಿರುವ ಕೆಲವು 141 ಶಾಲೆಗಳಿವೆ, ಅಲ್ಲಿ ಈ ಕಾಯುವಿಕೆ ಕಡಿಮೆ.

ವಿಮಾನದ ಬಾಡಿಗೆ ಹಾಬ್ಸ್ (ಎಂಜಿನ್ ಗಂಟೆ ಎಣಿಸುವ) ಮೀಟರಿನ ಮೇಲೋ ಟ್ಯಾಕ್ (ಎಂಜಿನ್ ಸುತ್ತು ಎಣಿಸುವ) ಮೀಟರಿನ ಮೇಲೋ ಎಂದೂ ಕೇಳಿ. ಎಂಜಿನ್ ಓಡುವಷ್ಟು ಹೊತ್ತೂ ಹಾಬ್ಸ್ ಒಂದೇ ಸಮ ಓಡುತ್ತದೆ. ಟ್ಯಾಕ್ ಆರ್‌ಪಿಎಂ ಇಳಿದಾಗ ನಿಧಾನವಾಗುತ್ತದೆ. ಟ್ಯಾಕ್ಸಿ ಮಾಡುತ್ತಾ ಸರದಿಯಲ್ಲಿ ನಿಲ್ಲುವ ದೊಡ್ಡ ಏರ್‌ಪೋರ್ಟಿನಲ್ಲಿ ಈ ವ್ಯತ್ಯಾಸ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ.

ಪೂರ್ತಿ ಹಣ ಮುಂಗಡ ಕಟ್ಟಿದರೆ ಡಿಸ್ಕೌಂಟ್ ಎಂದರೆ ಬೇಡ ಅನ್ನಿ. 2008ರ ಫೆಬ್ರುವರಿಯಲ್ಲಿ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ಫ್ಲೈಯಿಂಗ್ ಸ್ಕೂಲು ದಿವಾಳಿಯಾದಾಗ ಮುಂಗಡ ಕಟ್ಟಿದ್ದ ವಿದ್ಯಾರ್ಥಿಗಳಿಗೆ ಕೈಯಲ್ಲಿ ಉಳಿದದ್ದು ಸಾಲದ ಕಂತು. ಐದು–ಹತ್ತು ಗಂಟೆಗೆ ಆಗುವಷ್ಟೇ ಖಾತೆಗೆ ಹಾಕಿ, ಬಳಸದ ಹಣ ಎಷ್ಟು ದಿನದಲ್ಲಿ ವಾಪಸ್ ಎಂಬ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.