ಜಲ್ಲಿ ಗಣಿಯ ನೀರು: ನಷ್ಟ ಹಿಡಿದದ್ದು, ತುಂಬಿಕೊಟ್ಟದ್ದು

ನಮ್ಮ ಜಲ್ಲಿ ಗಣಿಯ ಗುಂಡಿ ಅಂತರ್ಜಲದ ಮಟ್ಟ ದಾಟಿ ಕೆಳಗಿಳಿದ ಮೇಲೆ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಇಳಿಯತೊಡಗಿತು. ಬಾವಿ ನಂಬಿದವರ ಆತಂಕ ನ್ಯಾಯವಾದದ್ದೇ.

ಎಲ್ಲರ ಕಣ್ಣೂ ಜಲ್ಲಿ ತೊಳೆಯುವ ಯಂತ್ರದ ಮೇಲಿತ್ತು. ಆದರೆ ತೊಳೆದ ನೀರಿನ ಬಹುಪಾಲು, ಹೂಳು ತಂಗುವ ಕೊಳಗಳನ್ನು ಹಾದು ಮತ್ತೆ ಯಂತ್ರಕ್ಕೇ ಬರುತ್ತಿತ್ತು. ನಿಜವಾದ ನಷ್ಟ ತೆರೆದ ಗುಂಡಿಯಲ್ಲಿತ್ತು. ಒಂದು ಹೆಕ್ಟೇರ್ ನೀರಿನ ಹರವಿನಿಂದ ಒಂದು ಮಿಲಿಮೀಟರ್ ಆವಿಯಾದರೆ 10,000 ಲೀಟರ್ ಹೋದಂತೆ. ಬಿರುಬಿಸಿಲಿನ ದಿನ 5 ಮಿಲಿಮೀಟರ್ ಹೋಗುವುದು ಅಪರೂಪವಲ್ಲ. ಒದ್ದೆ ಮರಳೂ ನೀರು ಹೊತ್ತೊಯ್ಯುತ್ತದೆ: ಶೇ. 4ರಷ್ಟು ತೇವವಿದ್ದರೆ ಟನ್ನಿಗೆ 40 ಲೀಟರ್. ರಸ್ತೆಯ ದೂಳಿಗೆ ಚಿಮುಕಿಸಿದ್ದು ಬೇರೆ.

ಮೊದಲು, ಕೆಲಸ ಮುಗಿದ ಗುಂಡಿಯ ಭಾಗಗಳನ್ನು ಮೇಲ್ಮಣ್ಣು ಮತ್ತು ಕೊಳದ ಹೂಳಿನಿಂದ ತುಂಬಿ ನೀರಿನ ಹರವನ್ನು ಕುಗ್ಗಿಸಿದೆವು. ಮರಳಿನ ರಾಶಿಯನ್ನು ಇಳಿಜಾರು ಕಟ್ಟೆಯ ಮೇಲೆ ಹಾಕಿ, ಬುಡದಲ್ಲಿ ಜಿನುಗುವ ನೀರನ್ನು ಕಾಲುವೆಯಲ್ಲಿ ಕೊಳಕ್ಕೆ ತಿರುಗಿಸಿದೆವು.

ಉಳಿದ ನಷ್ಟವನ್ನು ತುಂಬಿಕೊಡಲು ಗುಂಡಿಗೂ ಬಾವಿಗಳಿಗೂ ನಡುವೆ ಇಂಗುಕಾಲುವೆ ತೋಡಿ, ಮಳೆಗಾಲದಲ್ಲಿ ಸಂಗ್ರಹಿಸಿದ ನೀರನ್ನು ಅದಕ್ಕೆ ಬಿಡುತ್ತಿದ್ದೇವೆ. ಇಲ್ಲಿ ನಾನು ಹಟ ಹಿಡಿದದ್ದು ತಿಳಿನೀರಿಗೆ. ಕೆಸರು ಬೆರೆತರೆ ಕಾಲುವೆಯ ತಳದಲ್ಲಿ ನುಣ್ಣನೆಯ ಪದರ ಕಟ್ಟಿ ಇಂಗುವುದೇ ನಿಲ್ಲುತ್ತದೆ. ಹಾಗೆ ಕಟ್ಟಿದಾಗ ಒಣಗಿಸಿ ಕೆರೆದು ತೆಗೆಯಲೇಬೇಕು.

ಬಾವಿಗಳ ನೀರಿನ ಮಟ್ಟ ಇಳಿಯುವುದು ಈಗ ನಿಂತಿದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅಳೆದು, ಅಂಕಿಗಳನ್ನು ಬಾವಿಯ ಮಾಲೀಕರಿಗೂ ಕೊಡುತ್ತೇವೆ.