60 ಕರೆಯೋಲೆ, ಎರಡು ಗಿಳಿ

ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರವನ್ನು ಶ್ರಾವಣದಲ್ಲಿ ಇಟ್ಟುಕೊಳ್ಳೋಣ ಎಂದು ಮನೆಯಲ್ಲಿ ಮಾತಾದಾಗ, ಕರೆಯೋಲೆ ನಾನೇ ಮಾಡುತ್ತೇನೆ ಎಂದೆ. ಕೈಯಲ್ಲಿ ಐದು ವಾರ ಇತ್ತು. ಅಲ್ಲಿಯವರೆಗೆ ನಾನು ಮಾಡಿದ್ದು ದೀಪಾವಳಿಗೆ, ಹೊಸ ವರ್ಷಕ್ಕೆ ನಾಲ್ಕೈದು ಶುಭಾಶಯ ಪತ್ರ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಒಂದು ಹಣತೆ ಕೊರೆದು, ಸ್ಟಾಂಪ್ ಪ್ಯಾಡಿಗೆ ಒತ್ತಿ, ಡ್ರಾಯಿಂಗ್ ಶೀಟಿನ ಮೇಲೆ ಹಾಕುತ್ತಿದ್ದೆ. ಐದು ಪತ್ರ ಸುಮ್ನೆ ಒಂದು ಸಂಜೆಯ ಕೆಲಸ. 60 ಪತ್ರ ಹಾಗಲ್ಲ. ಎಲ್ಲವೂ ಒಂದೇ ತರಹ ಬರಬೇಕು, ಬೀಗರ ಮನೆಗೂ ಹೋಗಬೇಕು, ಅಂಚೆಯಲ್ಲಿ ಊರೂರಿಗೆ ತಲುಪಬೇಕು.

ಚಿತ್ರ ಯಾವುದು ಎಂದು ಜಾಸ್ತಿ ಯೋಚಿಸಲಿಲ್ಲ. ನಾವು ಧಾರವಾಡದವರು. ಅವ್ವನ ಹತ್ತಿರ ಕಸೂತಿಯ ಗ್ರಾಫ್ ಪುಸ್ತಕ ಇದೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ, ತೊಟ್ಟಿಲು, ಎಲ್ಲವನ್ನೂ ಚೌಕ ಎಣಿಸಿ ಬರೆದಿಟ್ಟಿದ್ದಾಳೆ. ಅದರಿಂದ ಒಂದು ತೊಟ್ಟಿಲು, ಅದರ ಎರಡೂ ಪಕ್ಕಕ್ಕೆ ಒಂದೊಂದು ಗಿಳಿ ಆರಿಸಿದೆ. ಕಸೂತಿಯ ಚಿತ್ರ ನೇರ ಗೆರೆ ಮತ್ತು ಮೆಟ್ಟಿಲುಗಳಿಂದಲೇ ಆಗುತ್ತದೆ. ಬಾಗಿದ ಗೆರೆ ಇಲ್ಲ. ರಬ್ಬರ್ ಕೊರೆಯುವವರಿಗೆ ಇದು ತುಂಬಾ ಅನುಕೂಲ.

ಮೊದಲ ತೊಟ್ಟಿಲು ಕೆಟ್ಟುಹೋಯಿತು. ಗೆರೆಗಳನ್ನು ಉಳಿಸಿಕೊಂಡು ಸುತ್ತಲಿನ ರಬ್ಬರನ್ನೆಲ್ಲ ತೆಗೆಯಲು ಹೊರಟಿದ್ದೆ. ಒಂದು ಮಿಲಿಮೀಟರ್ ದಪ್ಪದ ಗೆರೆ ರಬ್ಬರಿನಲ್ಲಿ ನಿಲ್ಲುವುದೇ ಕಷ್ಟ. ಒತ್ತಿದರೆ ಪಕ್ಕಕ್ಕೆ ವಾಲುತ್ತದೆ, ಬ್ಲೇಡ್ ಸ್ವಲ್ಪ ತಪ್ಪಿದರೆ ತುಂಡಾಗುತ್ತದೆ. ಎರಡು ದಿನದ ಕೆಲಸ ಮೂರು ಕಡೆ ಮುರಿಯಿತು. ಆ ರಾತ್ರಿ ಅವ್ವನ ಕಪ್ಪು ಚಂದ್ರಕಾಳಿ ಸೀರೆ ನೆನಪಾಯಿತು. ಅದರಲ್ಲಿ ಕಪ್ಪು ನೆಲದ ಮೇಲೆ ಬಿಳಿ ನೂಲಿನ ಹೊಲಿಗೆ. ನಾನೂ ಹಾಗೇ ಮಾಡಬಹುದಲ್ವಾ? ನೆಲವನ್ನು ಉಳಿಸಿ ಗೆರೆಯನ್ನೇ ಕೊರೆದು ತೆಗೆದರೆ ಸಾಕು. ಬಣ್ಣದ ನೆಲದಲ್ಲಿ ಕಾಗದದ ಬಿಳಿ ನೂಲಿನ ಹಾಗೆ ಕಾಣುತ್ತದೆ. ಅಚ್ಚಿಗೆ ಬಳಸುವ ಲಿನೋ ಹಾಳೆ ಕೊರೆಯುವ ವಿ ಆಕಾರದ ಉಳಿಯಿಂದ ಒಂದು ಗೆರೆಗೆ ಒಂದೇ ಎಳೆತ. ಎರಡನೇ ತೊಟ್ಟಿಲು ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಕೊರೆಯುವ ಬಗ್ಗೆ ಕೈಗೆ ಹತ್ತಿದ ಕೆಲವು ಮಾತು ಹೇಳುತ್ತೇನೆ. ಚಿತ್ರವನ್ನು ಟ್ರೇಸಿಂಗ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಕವುಚಿ ಉಗುರಿನಿಂದ ಉಜ್ಜಿದರೆ ಪೆನ್ಸಿಲ್ ಗುರುತು ರಬ್ಬರಿಗೆ ಇಳಿಯುತ್ತದೆ. ಇಳಿಯುವಾಗಲೇ ಅದು ತಿರುಗುಮುರುಗು ಆಗುತ್ತದೆ. ಒತ್ತಿದಾಗ ಮತ್ತೆ ತಿರುಗಿ ಸರಿಯಾಗುತ್ತದೆ. ಅಕ್ಷರವನ್ನು ಉಲ್ಟಾ ಬರೆಯುವ ಕಸರತ್ತು ಬೇಡವೇ ಬೇಡ. ಎರಡು ಮಿಲಿಮೀಟರ್ ಆಳ ಸಾಕು. ಅಂಚನ್ನು ಹೊರಗಡೆಗೆ ಇಳಿಜಾರಾಗಿ ಕತ್ತರಿಸಬೇಕು. ಒಳಗೆ ಹೋಗುವ ಹಾಗೆ ಕತ್ತರಿಸಿದರೆ ಉಳಿದ ಭಾಗಕ್ಕೆ ಕೆಳಗೆ ಆಸರೆ ಇರದೆ ಹತ್ತು ಸಲ ಒತ್ತುವುದರಲ್ಲಿ ಕಿತ್ತುಬರುತ್ತದೆ. ಸುತ್ತು ತಿರುಗುವ ಕಡೆ ಉಳಿಯನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ಇನ್ನೊಂದು ಕೈಯ ಬೆರಳು ಯಾವಾಗಲೂ ಉಳಿಯ ಹಿಂದೆ ಇರಲಿ.

ಗಿಳಿಗಳ ವಿಷಯದಲ್ಲಿ ಒಂದು ಸಂತೋಷದ ಪಾಠ ಕಲಿತೆ. ತೊಟ್ಟಿಲು ಎಡಬಲ ಒಂದೇ ತರಹ, ಹಾಗಾಗಿ ತಿರುಗಿದರೂ ತೊಂದರೆ ಇಲ್ಲ. ಗಿಳಿ ಹಾಗಲ್ಲ. ಎರಡು ಗಿಳಿ ಎದುರುಬದುರು ಕೂರಬೇಕು. ಒಂದೇ ಅಚ್ಚನ್ನು ಎರಡೂ ಕಡೆ ಒತ್ತಿದರೆ ಒಂದು ತೊಟ್ಟಿಲಿಗೆ ಬೆನ್ನು ತಿರುಗಿಸುತ್ತದೆ. ಎರಡನೆಯದನ್ನು ಮತ್ತೆ ಬರೆದು ಕೊರೆದರೆ ಜೋಡಿ ಸರಿಹೋಗುವುದಿಲ್ಲ, ಏನೋ ಒಂದು ಚೂರು ಬೇರೆ ಬರುತ್ತದೆ. ಕೊನೆಗೆ ಕೊರೆದ ಗಿಳಿಗೆ ಮಸಿ ಹಚ್ಚಿ, ಕಾಗದದ ಬದಲು ಹೊಸ ರಬ್ಬರಿನ ಮೇಲೆಯೇ ಒತ್ತಿದೆ. ಆ ಮಸಿಯ ಗುರುತನ್ನೇ ಹಿಡಿದು ಕೊರೆದೆ. ಅದನ್ನು ಕಾಗದದ ಮೇಲೆ ಒತ್ತಿದಾಗ ಮೊದಲನೆಯದರ ಕನ್ನಡಿ ಬಿಂಬ ಬಂತು. ಗೆರೆಗೆ ಗೆರೆ ಒಂದೇ, ಮುಖ ಮಾತ್ರ ಆ ಕಡೆ. ಆನೆ, ನವಿಲು, ಹಂಸ, ಯಾವ ಜೋಡಿಗೂ ಇದೇ ದಾರಿ.

ಅಕ್ಷರಕ್ಕೆ ಬಂದಾಗ ನಿಜವಾದ ಕಷ್ಟ ಶುರು. ಕನ್ನಡ ದುಂಡಗಿನ ಲಿಪಿ. ಒತ್ತಕ್ಷರದ ಸಣ್ಣ ಸುರುಳಿಯ ಒಳಗೆ ಉಳಿ ಹೋಗುವುದಿಲ್ಲ. ಹೋದರೂ ಮಸಿ ತುಂಬಿಕೊಂಡು ಚುಕ್ಕೆಯಾಗುತ್ತದೆ. ಮುಖಪುಟಕ್ಕೆ ಒಂದೇ ಪದ ಬೇಕಿತ್ತು. ಆಮಂತ್ರಣ ಎಂದರೆ ಒತ್ತಕ್ಷರ ಇದೆ. ಆಹ್ವಾನ ಎಂದರೂ ಇದೆ. ಕರೆಯೋಲೆ ಎಂದು ಬರೆದು ನೋಡಿದೆ. ಒಂದೂ ಒತ್ತಕ್ಷರ ಇಲ್ಲ! ನಾಲ್ಕೂ ಅಕ್ಷರ ಬಿಡಿಬಿಡಿಯಾಗಿ, ದುಂಡಗೆ, ಚೆನ್ನಾಗಿ ಕೂತವು. ಅರ್ಥದಲ್ಲೂ ಅದೇ ನನಗೆ ಹೆಚ್ಚು ಇಷ್ಟ. ಕರೆಯುವ ಓಲೆ, ಎಷ್ಟು ನೇರವಾದ ಮಾತು.

ಒಳಗಿನ ಬರಹ ಒಂಬತ್ತು ಸಾಲು. ದಿನ, ತಿಥಿ, ಹೊತ್ತು, ಸ್ಥಳ, ಸುಖಾಗಮನ ಬಯಸುವವರು, ಕೊನೆಗೆ 'ಆಶೀರ್ವಾದವೇ ಉಡುಗೊರೆ'. ಇದನ್ನು ಕೈಯಲ್ಲಿ ಕೊರೆಯುವುದು ಆಗದ ಮಾತು. 60 ಸಲ ಕೈಯಲ್ಲಿ ಬರೆಯಲೂ ಆಗದು. ರಬ್ಬರ್ ಸ್ಟಾಂಪ್ ಮಾಡಿಕೊಡುವ ಅಂಗಡಿಗೆ ಹೋದೆ. ಅಂಗಡಿಯವರಿಗೆ ಹಳೆಯ ಕೆಲಸವೂ ಗೊತ್ತಿತ್ತು. ಮೊದಲು ಅಚ್ಚುಮೊಳೆ ಜೋಡಿಸಿ, ಅದರ ಮೇಲೆ ಪಡಿಯಚ್ಚು ತೆಗೆದು, ಹಸಿ ರಬ್ಬರ್ ಹಾಳೆಯನ್ನು ಅದಕ್ಕೆ ಒತ್ತಿ ಬಿಸಿ ಮಾಡುತ್ತಿದ್ದರಂತೆ. ಗಂಧಕ ಸೇರಿದ ರಬ್ಬರ್ ಬಿಸಿಯಲ್ಲಿ ಗಟ್ಟಿಯಾಗಿ ಅಕ್ಷರ ಹಿಡಿಯುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಲ್ಕನೀಕರಣ ಅದೇ. ಈಗ ಬೇರೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ನೆಗೆಟಿವ್ ತೆಗೆಯುತ್ತಾರೆ. ಅದರ ಮೇಲೆ ಅಂಟಾದ ಪಾಲಿಮರ್ ಸುರಿದು ನೇರಳಾತೀತ ಬೆಳಕಿಗೆ ಇಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದದ್ದು ತೊಳೆದುಹೋಗುತ್ತದೆ.

"ಅಕ್ಕಾರ, ಅಕ್ಷರ ಭಾಳ ಸಣ್ಣ ಮಾಡಬ್ಯಾಡ್ರಿ, ಒತ್ತಿನಾಗ ಮಸಿ ತುಂಬತೈತಿ" ಎಂದರು. ಅವರ ಮಾತು ಕೇಳಿ ಎರಡು ಸಾಲು ಕಡಿಮೆ ಮಾಡಿ ಅಕ್ಷರ ದೊಡ್ಡದು ಮಾಡಿದೆ. ಅದು ಒಳ್ಳೆಯದೇ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ ಕನ್ನಡ ಯೂನಿಕೋಡ್, ಎಂದರೆ ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತದಲ್ಲಿ ಇರುತ್ತದೆ. ಎಷ್ಟೋ ಅಂಗಡಿಗಳಲ್ಲಿ ಇನ್ನೂ ಹಳೆಯ ತಂತ್ರಾಂಶ ಇದೆ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲೇ ಕೆಲಸ. ನನ್ನ ಸಾಲುಗಳು ಅಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಬಿಡಿಸಿಕೊಂಡು ಪಕ್ಕಕ್ಕೆ ನಿಂತಿದ್ದವು. ಮನೆಗೆ ಬಂದು, ನಾನೇ ಸಾಲು ಜೋಡಿಸಿ, ಬೇಕಾದ ಅಳತೆಯಲ್ಲೇ ಪಿಡಿಎಫ್ ಮಾಡಿ ಕೊಟ್ಟೆ. ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ತಾರೀಕು ಮತ್ತು ವಾರ ಹೊಂದುತ್ತವೆಯೇ ಎಂದು ಪಂಚಾಂಗ ತೆಗೆದು ಇಬ್ಬರು ಓದಿದೆವು. ದಯವಿಟ್ಟು ಇಬ್ಬರು ಓದಿ. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಕಾಗದ ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ. 250 ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ 250 ಗ್ರಾಂ. 22 ಇಂಚು ಅಗಲ, 30 ಇಂಚು ಉದ್ದದ ಹಾಳೆ. ಒಂದು ಹಾಳೆಯಲ್ಲಿ 7 ಇಂಚು ಅಗಲ, 10 ಇಂಚು ಉದ್ದದ ಒಂಬತ್ತು ತುಂಡು ಬರುತ್ತವೆ. ಮಡಿಸಿದರೆ 5 ಇಂಚು, 7 ಇಂಚಿನ ಪತ್ರ. ಏಳು ಹಾಳೆಗೆ 63 ಆಗುತ್ತದೆ. ನಾನು ಎಂಟು ತಂದೆ, ಎಂಟೂ ಬೇಕಾದವು. ತೂಕದ ಲೆಕ್ಕವನ್ನೂ ಮೊದಲೇ ಹಾಕಿದೆ. ಈ ಅಳತೆಯ ಪತ್ರ ಒಂದಕ್ಕೆ 11 ಗ್ರಾಂ ಚಿಲ್ಲರೆ. ಲಕೋಟೆ ಸೇರಿದರೂ 20 ಗ್ರಾಂ ಒಳಗೆ. ಆಗ ಅಷ್ಟು ತೂಕದವರೆಗೆ ಅಂಚೆಗೆ 5 ರೂಪಾಯಿ ಚೀಟಿ ಸಾಕಿತ್ತು. ಅದೇ ದಪ್ಪದಲ್ಲಿ ಎ4 ಹಾಳೆಯನ್ನು ಮಡಿಸಿ ಮಾಡಿದ್ದರೆ ಕಾಗದವೇ 15 ಗ್ರಾಂ ದಾಟಿ, ಲಕೋಟೆ ಸೇರಿದಾಗ ಮಿತಿ ಮೀರುತ್ತಿತ್ತು.

ಕತ್ತರಿಯಿಂದ ಕತ್ತರಿಸಲಿಲ್ಲ. ಅಳತೆಯ ಗೆರೆ ಮೇಲೆ ಒದ್ದೆ ಕುಂಚ ಎಳೆದು, ಒಂದು ನಿಮಿಷ ಬಿಟ್ಟು, ಸ್ಟೀಲಿನ ಅಡಿಪಟ್ಟಿ ಇಟ್ಟು ಹರಿದೆ. ಅಂಚು ನಾರುನಾರಾಗಿ, ಹಾಳೆಯ ಹುಟ್ಟು ಅಂಚಿನ ಹಾಗೇ ಬಂತು. ಮಡಿಕೆಗೆ ಮಸಿ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೆರೆ ಒತ್ತಿ, ಆಮೇಲೆ ಮಡಿಸಿದೆ. ಈ ಗೆರೆ ಇಲ್ಲದಿದ್ದರೆ ದಪ್ಪ ಕಾಗದ ಮಡಿಕೆಯಲ್ಲಿ ಒಡೆಯುತ್ತದೆ.

ಈಗ ಮಸಿ. ಕಚೇರಿಯ ಸ್ಟಾಂಪ್ ಪ್ಯಾಡಿನ ನೇರಳೆ ಮಸಿ ನೀರಿನ ಹಾಗೆ ತೆಳು. ಕೈಕಾಗದಕ್ಕೆ ಬಿದ್ದ ಕೂಡಲೇ ನಾರಿನ ಗುಂಟ ಓಡುತ್ತದೆ. ತೊಟ್ಟಿಲಿನ ಬಿಳಿ ಗೆರೆಗಳೆಲ್ಲ ಮುಚ್ಚಿಹೋದವು. ಕಾಗದದ ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಆ ಕಾಗದಕ್ಕೆ ಅಂಟು ಸೇರಿಸಿದ್ದಾರೆ, ಮಸಿ ಅಷ್ಟಾಗಿ ಹರಡುವುದಿಲ್ಲ. ಕೂಡಲೇ ಹೀರಿಕೊಂಡರೆ ಪಿಗ್ಮೆಂಟ್ ಮಸಿಯೇ ಬೇಕು. ಅದು ದಪ್ಪ, ಮೇಲೆಯೇ ಕೂರುತ್ತದೆ. ನಾನು ಕುಂಕುಮದ ಕೆಂಪು ತರಿಸಿದೆ.

ಒರಟು ಕಾಗದದ ಮೇಲೆ ದೊಡ್ಡ ಅಚ್ಚು ಒತ್ತಿದರೆ ನೆಲದ ಬಣ್ಣ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಕೆಳಗೆ ನಾಲ್ಕು ಮಡಿಕೆ ಪೇಪರ್ ಹಾಸಿ ಒತ್ತಿದೆ, ಸ್ವಲ್ಪ ಸುಧಾರಿಸಿತು. ಪೂರ್ತಿ ಸರಿಹೋಗಿದ್ದು ಅಚ್ಚನ್ನೇ ಮಗುಚಿದಾಗ. ರಬ್ಬರನ್ನು ಮುಖ ಮೇಲಾಗಿ ಮೇಜಿನ ಮೇಲೆ ಅಂಟಿಸಿದೆ. ಅದಕ್ಕೆ ಪ್ಯಾಡಿನಿಂದ ತಟ್ಟಿ ತಟ್ಟಿ ಮಸಿ ಹಚ್ಚಿದೆ. ಕಾಗದವನ್ನು ಅದರ ಮೇಲೆ ಕವುಚಿ, ನಡುವಿನಿಂದ ಅಂಚಿಗೆ ಅಂಗೈಯಿಂದ ಒತ್ತಿ, ಚಮಚದ ಬೆನ್ನಿನಿಂದ ಒಂದು ಸುತ್ತು ಉಜ್ಜಿದೆ. ಕಾಗದದ ಮೂಲೆ ಪ್ರತಿ ಸಲ ಒಂದೇ ಕಡೆ ಕೂರಲಿ ಎಂದು ಮೇಜಿಗೆ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಯ ಹಾಗೆ ಅಂಟಿಸಿದ್ದೆ. ಒಂದು ಪತ್ರಕ್ಕೆ ಎರಡು ನಿಮಿಷ. ಗಿಳಿ ಮತ್ತು ಪದ ಸಣ್ಣವು, ಅವನ್ನು ಮಾಮೂಲಿನಂತೆ ಮೇಲಿನಿಂದಲೇ ಒತ್ತಿದೆ.

ಆಷಾಢದ ಮಳೆ ಮಾತ್ರ ಪರೀಕ್ಷೆ ಮಾಡಿತು. ಪಿಗ್ಮೆಂಟ್ ಮಸಿ ಬಿಸಿಲುಗಾಲದಲ್ಲೇ ನಿಧಾನವಾಗಿ ಒಣಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮರುದಿನವೂ ಬೆರಳಿಗೆ ಹತ್ತುತ್ತಿತ್ತು. ಒಣಗಿತು ಎಂದು ಒಂದರ ಮೇಲೊಂದು ಇಟ್ಟ ಏಳು ಪತ್ರಗಳ ಬೆನ್ನಿಗೆ ಕೆಂಪು ತೊಟ್ಟಿಲು ಮೂಡಿತು. ಆ ದಿನ ಬಹಳ ಬೇಜಾರಾಯಿತು. ಆಮೇಲೆ ಒಳಕೋಣೆಯಲ್ಲಿ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ಒಂದೊಂದಾಗಿ ತೂಗುಹಾಕಿ, ಫ್ಯಾನ್ ಹಾಕಿ ಎರಡು ದಿನ ಬಿಟ್ಟೆ. ಚಿನ್ನದ ಬಣ್ಣದ ಪುಡಿ ಉದುರಿಸಿ ಬಿಸಿ ಮಾಡಿ ಉಬ್ಬು ಅಕ್ಷರ ತರುವ ವಿಧಾನವೂ ಇದೆ. ಅದಕ್ಕೆ ಬಿಸಿಗಾಳಿಯ ಗನ್ ಬೇಕು. ಕೂದಲು ಒಣಗಿಸುವ ಯಂತ್ರದಲ್ಲಿ ಅಷ್ಟು ಬಿಸಿ ಇರುವುದಿಲ್ಲ, ಪುಡಿಯನ್ನೂ ಹಾರಿಸಿಬಿಡುತ್ತದೆ. ಕೈಕಾಗದಕ್ಕೆ ಆ ಹೊಳಪು ನನಗೆ ಒಪ್ಪಲಿಲ್ಲ, ಬಿಟ್ಟೆ.

ಮಗುವಿನ ಹೆಸರು ಪತ್ರದಲ್ಲಿ ಇರಲಿಲ್ಲ. ಅದನ್ನು ಸೋದರತ್ತೆ ತೊಟ್ಟಿಲಿನಲ್ಲಿ ಕಿವಿಯಲ್ಲಿ ಕರೆದ ಮೇಲೆಯೇ ಎಲ್ಲರಿಗೂ ಹೇಳುವುದು. ಅಚ್ಚಿನಲ್ಲಿ ಇರದ ಇನ್ನೊಂದು ಸಾಲು, ಯಾರನ್ನು ಕರೆಯುತ್ತಿದ್ದೇವೋ ಅವರ ಹೆಸರು. ಮೇಲೆ ಒಂದು ಇಂಚು ಜಾಗ ಖಾಲಿ ಬಿಟ್ಟಿದ್ದೆ. ಅದನ್ನು ತಂಗಿ ಮತ್ತು ನಾನು ಕೈಯಲ್ಲಿ ಬರೆದೆವು. ಚಿಕ್ಕಪ್ಪನಿಗೆ ಚಿಕ್ಕಪ್ಪ ಎಂದೇ, ಸೋದರಮಾವನಿಗೆ ಮಾವ ಎಂದೇ. ಅಚ್ಚು ಮಾಡಬೇಕಾದದ್ದು 60 ಸಲವೂ ಒಂದೇ ಇರುವುದನ್ನು ಮಾತ್ರ. ಪ್ರತಿ ಮನೆಗೆ ಬೇರೆಯಾಗುವುದನ್ನು ಕೈಯೇ ಬರೆಯಬೇಕು. ಅಷ್ಟು ಹೊತ್ತು ಆ ಒಬ್ಬರನ್ನೇ ನೆನೆಯುತ್ತೇವೆ. ಕೈಯಿಂದ ಪತ್ರ ಮಾಡುವುದರಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಇದು. ಲಕೋಟೆಯ ವಿಳಾಸಕ್ಕೆ ಮಾತ್ರ ಬಾಲ್‌ಪೆನ್ ಬಳಸಿ. ಜೆಲ್ ಪೆನ್ನಿನ ಬರಹ ಮಳೆಯಲ್ಲಿ ಕರಗಬಹುದು.

ಕೊನೆಗೆ ಮೂಲೆಗಳಿಗೆ ಅರಿಶಿನ. ನೀರು ಜಾಸ್ತಿಯಾದರೆ ಹರಡಿ ಪಕ್ಕದ ಪತ್ರಕ್ಕೂ ಹತ್ತುತ್ತದೆ. ಗಟ್ಟಿಯಾಗಿ ಕಲಸಿ, ಬೆರಳ ತುದಿಯಿಂದ ಒಂದು ಚುಕ್ಕೆ ಸಾಕು. ಮೊದಲ ಪತ್ರವನ್ನು ದೇವರ ಮುಂದೆ ಇಟ್ಟೆವು, ಎರಡನೆಯದನ್ನು ಬೀಗರಿಗೆ ಕೈಯಾರೆ ಕೊಟ್ಟುಬಂದೆವು.

ಪಾಲಿಮರ್ ಸ್ಟಾಂಪು ತಾರೀಕು ಮುಗಿದ ಮೇಲೆ ಬರಿ ನೆನಪು. ಕೊರೆದ ರಬ್ಬರುಗಳು ಹಾಗಲ್ಲ, ಮತ್ತೆ ಮತ್ತೆ ಬರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ನನ್ನ ಹಳೆಯ ಹಣತೆ ತಳಕ್ಕೆ ಅಂಟಿ ಕರಗಿದಂತಾಗಿತ್ತು. ಈ ತರಹದ ರಬ್ಬರನ್ನು ಮೆತ್ತಗೆ ಮಾಡಲು ಸೇರಿಸಿದ ಮೆದುಕಾರಕ ಪ್ಲಾಸ್ಟಿಕ್ಕಿಗೂ ಇಳಿದು ಅಂಟಿಕೊಳ್ಳುತ್ತದೆ.

ಶಾಸ್ತ್ರ ಮುಗಿದು ಎಲ್ಲರೂ ಹೋದ ಮೇಲೆ ಅವ್ವ ಕನ್ನಡಕ ಹಾಕಿಕೊಂಡು ಉಳಿದ ಒಂದು ಪತ್ರವನ್ನು ತುಂಬಾ ಹೊತ್ತು ನೋಡಿದಳು. ತೊಟ್ಟಿಲಿನ ಮೇಲೆ ಬೆರಳಿಟ್ಟು ಚೌಕ ಎಣಿಸಿದಳು. "ಎಡಗಡೆ ಒಂದ್ ಮೆಟ್ಟಲ ಕಡಿಮಿ ಐತಲ್ಲವಾ" ಎಂದಳು. ಎಣಿಸಿ ನೋಡಿದೆ, ಹೌದು, ಬಲಕ್ಕೆ ಏಳು, ಎಡಕ್ಕೆ ಆರು. ಮರುದಿನ ಗ್ರಾಫ್ ಪುಸ್ತಕ ತೆರೆದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ರಬ್ಬರಿನಲ್ಲಿ ಆ ತೊಟ್ಟಿಲನ್ನು ಮತ್ತೆ ಕೊರೆದೆ. ಅವಳು ಎಣಿಸುತ್ತಿದ್ದಳು, ನಾನು ಕೊರೆಯುತ್ತಿದ್ದೆ.