ಹೊಸಬರಿಗೆ ಮಾರ್ಗದರ್ಶಿ: ಕೇಕಿನ ಅಳತೆ, ಕಪ್ಪಿನಿಂದ ಗ್ರಾಮಿಗೆ

ಮೊದಲು ಅಂಗಡಿಯ ವಿಚಾರ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದಲ್ಲಿ ಸಾಮಾನು ಕನ್ನಡದಲ್ಲೇ ಕೇಳಬಹುದು. ಅದೇ ಜಿಲ್ಲೆಯ ಹೊಸದುರ್ಗ, ನೀಲೇಶ್ವರದ ಕಡೆ ಮಲಯಾಳಂ ಬೇಕು; ಸಕ್ಕರೆಗೆ ‘ಪಂಚಸಾರ’ ಎನ್ನಿ. ‘ಶರ್ಕರ’ ಎಂದರೆ ಕೈಗೆ ಬರುವುದು ಬೆಲ್ಲ. ಗೋಧಿಹಿಟ್ಟು ‘ಗೋದಂಬುಪೊಡಿ’. ‘ಅಪ್ಪಕ್ಕಾರಂ’ ಅಡುಗೆ ಸೋಡಾ, ಬೇಕಿಂಗ್ ಪೌಡರ್ ಅಲ್ಲ. ಸೋಡಾದ ಕಸುವು ಮೂರು-ನಾಲ್ಕು ಪಟ್ಟು ಹೆಚ್ಚು. ಪೌಡರಿನ ಜಾಗಕ್ಕೆ ಅಷ್ಟೇ ಸೋಡಾ ಬಿದ್ದರೆ ಕೇಕಿಗೆ ಸಾಬೂನಿನ ರುಚಿ.

ಇನ್ನು ಕಪ್. ಅಮೆರಿಕದ ಪಾಕವಿಧಾನದ ಕಪ್ ಸುಮಾರು 240 ಮಿಲಿ. ಇಲ್ಲಿ ಸಿಗುವ ಸೆಟ್‌ಗಳಲ್ಲಿ 250 ಮಿಲಿಯದೂ ಇರುತ್ತದೆ. ಊರಿನ ಕುಡ್ತೆಯಂತೂ (ಅಳತೆಯ ಲೋಟ) ಮನೆಗೊಂದು ತರ. ನಿಮ್ಮ ಪಾತ್ರೆ ಎಷ್ಟು ಹಿಡಿಯುತ್ತದೆಂದು ತಿಳಿಯಲು ಅದನ್ನು ಡಿಜಿಟಲ್ ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿ. ಎಲ್ಲವನ್ನೂ ಒಂದೇ ಕುಡ್ತೆಯಲ್ಲಿ ಅಳೆದರೆ ಪ್ರಮಾಣ ಕೆಡುವುದಿಲ್ಲ, ನಿಜ. ಆದರೆ ಮೊಟ್ಟೆ ಕುಡ್ತೆಯ ಲೆಕ್ಕ ಕೇಳುವುದಿಲ್ಲ. ಸಿಪ್ಪೆ ತೆಗೆದರೆ ಒಂದೊಂದೂ ಸುಮಾರು 50 ಗ್ರಾಂ.

ಎಡವಟ್ಟಾಗುವುದು ಹೆಚ್ಚಾಗಿ ಮೈದಾದಲ್ಲೇ. ಡಬ್ಬಿಯೊಳಗೆ ಕಪ್ ಹಾಕಿ ಎತ್ತಿದರೆ ಹಿಟ್ಟು ಒತ್ತಿಕೊಂಡು 140–150 ಗ್ರಾಂ ಕೂರುತ್ತದೆ. ಹಿಟ್ಟನ್ನು ಕದಡಿ ಸಡಿಲ ಮಾಡಿ, ಚಮಚದಿಂದ ಕಪ್ಪಿಗೆ ಸುರಿದು, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿದರೆ 120–125 ಗ್ರಾಂ. ಕಪ್ಪನ್ನು ಕುಟ್ಟಬೇಡಿ. ಎರಡೂಕಾಲು ಕಪ್ ಹಿಟ್ಟಿನ ಕೇಕಿಗೆ ಈ ಎರಡು ರೀತಿಗಳ ನಡುವೆ ಸುಮಾರು 50 ಗ್ರಾಂ ವ್ಯತ್ಯಾಸ. ಕೇಕ್ ಒಣಗುವುದಕ್ಕೂ ನೆತ್ತಿ ಬಿರಿಯುವುದಕ್ಕೂ ಅಷ್ಟು ಸಾಕು. ಆಮೇಲೆ ಓವನ್ನಿಗೆ ಬಯ್ದು ಪ್ರಯೋಜನವಿಲ್ಲ.

240 ಮಿಲಿ ಕಪ್ಪಿಗೆ ಉಳಿದವು ಹೀಗೆ: ಸಕ್ಕರೆ 200 ಗ್ರಾಂ, ಪುಡಿ ಸಕ್ಕರೆ 120, ಬೆಣ್ಣೆ 227, ತೆಂಗಿನೆಣ್ಣೆ ಸುಮಾರು 218, ಹಾಲು ಅಥವಾ ಮೊಸರು 245, ಜೇನು 340. ಕೋಕೋ ಪುಡಿ 85ರಿಂದ 100, ಅದನ್ನು ತೂಗುವುದೇ ವಾಸಿ. 250 ಮಿಲಿ ಕಪ್ಪಾದರೆ ಎಲ್ಲದಕ್ಕೂ ನೂರಕ್ಕೆ ನಾಲ್ಕು ಸೇರಿಸಿ.

ಅಮೆರಿಕದವರು ‘ಒಂದು ಸ್ಟಿಕ್ ಬೆಣ್ಣೆ’ ಅಂದರೆ 113 ಗ್ರಾಂ. ನಮ್ಮ 100 ಗ್ರಾಂ ಪೊಟ್ಟಣಕ್ಕೆ ಇನ್ನೊಂದು ದೊಡ್ಡ ಚಮಚ ಸೇರಿದರೆ ಸರಿಯಾಗುತ್ತದೆ. ಉಪ್ಪು ಬೆರೆತ ಬೆಣ್ಣೆಯಾದರೆ ಪಾಕದ ಉಪ್ಪು ಬಿಡಿ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 80 ಪಾಲು, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 100 ಗ್ರಾಂ ಬೆಣ್ಣೆಗೆ ಬದಲು 80 ಗ್ರಾಂ ಎಣ್ಣೆ, ಅಂದರೆ ಆರು ದೊಡ್ಡ ಚಮಚ, ಜೊತೆಗೆ ಒಂದು ದೊಡ್ಡ ಚಮಚ ಹಾಲು. ಎಣ್ಣೆಯ ಲೀಟರ್ ಪ್ಯಾಕೆಟ್ಟನ್ನು ಕಿಲೋ ಎಂದು ಎಣಿಸಬೇಡಿ; ಒಳಗಿರುವುದು ಸುಮಾರು 910 ಗ್ರಾಂ.

ಸಣ್ಣ ಅಳತೆಗೆ ತಕ್ಕಡಿ ನಂಬಬೇಡಿ. 1 ಗ್ರಾಂ ಹೆಜ್ಜೆಯ ತಕ್ಕಡಿಯಲ್ಲಿ 4 ಗ್ರಾಂ ಬೇಕಿಂಗ್ ಪೌಡರ್ ತೂಗಿದರೆ ತಪ್ಪು ಕಾಲು ಭಾಗದಷ್ಟಾಗಬಹುದು. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಕೆಲವು ಯಂತ್ರಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 5 ಮಿಲಿ ಚಮಚ ತುಂಬಿ ಸವರಿ: ಬೇಕಿಂಗ್ ಪೌಡರ್ 4 ಗ್ರಾಂ, ಸೋಡಾ 5, ಪುಡಿ ಉಪ್ಪು 6, ಇನ್‌ಸ್ಟಂಟ್ ಯೀಸ್ಟ್ 3. ದೊಡ್ಡ ಚಮಚ 15 ಮಿಲಿ, ಆಸ್ಟ್ರೇಲಿಯದ ಪಾಕದಲ್ಲಿ ಮಾತ್ರ 20.

ಕಡಲ ತೀರದ ಮಳೆಗಾಲ ಘಟ್ಟದ ಮೇಲಿನವರಿಗೆ ಹೊಸದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಡೆದಿಟ್ಟ ಮೈದಾ ತೇವ ಎಳೆಯುತ್ತದೆ. ತೂಗಿದ 250 ಗ್ರಾಮಿನಲ್ಲಿ ಒಂದಿಷ್ಟು ನೀರೂ ಇರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಜರಡಿ ಹಿಡಿಯಿರಿ. ಪಾಕದ ಹಾಲಿನಲ್ಲಿ ಎರಡು ದೊಡ್ಡ ಚಮಚ ಬದಿಗಿಟ್ಟು, ಹಿಟ್ಟಿನ ಹದ ನೋಡಿ ಬೇಕಾದರೆ ಮಾತ್ರ ಸೇರಿಸಿ.